ನೂರ ನಲವತ್ತೈದರಿಂದ ನೂರ ಅರವತ್ತು

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಹೆಂಗಸಿಗೆ ಗೋಂದಕ್ಕ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಇಟ್ಟವರು ಮರೆತರೂ ಹೆಸರು ಬಿಟ್ಟುಹೋಗಲಿಲ್ಲ. ಇಪ್ಪತ್ತನಾಲ್ಕು ವರ್ಷದಿಂದ ಅವಳ ಕೆಲಸ ಒಂದೇ. ಮೇಲಿನಿಂದ ಬರುವ ಹರಿದ ಪುಸ್ತಕದ ಹೊಲಿಗೆ ಬಿಚ್ಚಬೇಕು, ಮತ್ತೆ ಹೊಲಿಯಬೇಕು, ಬೆನ್ನಿಗೆ ಬಟ್ಟೆ ಅಂಟಿಸಿ, ಕಬ್ಬಿಣದ ಪ್ರೆಸ್ಸಿನಲ್ಲಿ ಎರಡು ದಿನ ಬಿಗಿದಿಟ್ಟು ಮೇಲಕ್ಕೆ ಕಳಿಸಬೇಕು. ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿತ್ತು.

ಓದುವುದರಲ್ಲಿ ಅವಳ ರುಚಿ ಬಲು ಸರಳ. ಪುಸ್ತಕದಲ್ಲಿ ಒಂದು ದೆವ್ವ ಇರಬೇಕು, ಇಲ್ಲವೇ ಒಂದು ಕೊಲೆ ಇರಬೇಕು. ಎರಡೂ ಇದ್ದರೆ ಆ ದಿನ ಊಟವೂ ಬೇಡ. ಆದರೆ ಇದು ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅವಳು ಓದುತ್ತಿದ್ದ ಅಗ್ಗದ ಕಾದಂಬರಿಯ ಮೇಲೆ ಯಾವುದಾದರೂ ತತ್ವಶಾಸ್ತ್ರದ ಪುಸ್ತಕದ ಹೊರಕವಚ ಇರುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಮೇಲಿನ ಕೌಂಟರಿನ ಗುಮಾಸ್ತ ಒಮ್ಮೊಮ್ಮೆ ಇಳಿದು ಬಂದು, "ಏನ್ ಗೋಂದಕ್ಕಾ, ಎಷ್ಟು ದೊಡ್ಡ ದೊಡ್ಡದು ಓದ್ತೀರಪ್ಪಾ" ಎನ್ನುತ್ತಿದ್ದ. ಅವಳು ತಲೆ ಎತ್ತುತ್ತಿರಲಿಲ್ಲ.

ಈ ಕಳ್ಳ ಓದು ಶುರುವಾದದ್ದು ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ. ಆಗಿನ ಮುಖ್ಯ ಗ್ರಂಥಪಾಲಕರಿಗೆ ಸಿಬ್ಬಂದಿಯೆಲ್ಲ ಬೆನ್ನ ಹಿಂದೆ ಗಾಜಿನ ಬೀರು ಎನ್ನುತ್ತಿದ್ದರು. ಒಳ್ಳೆಯದೆಂದು ತೋರಿದ ಪುಸ್ತಕವನ್ನು ಅವರು ಕೂಡಲೇ ಗಾಜಿನ ಬೀರುವಿಗೆ ಸೇರಿಸಿ ಬೀಗ ಹಾಕುತ್ತಿದ್ದರು. ಬೀಗದ ಕೈ ಅವರ ಸೊಂಟದಲ್ಲಿರುತ್ತಿತ್ತು. ಕಂಡವರ ಕೈ ಬೀಳದಿದ್ದರೆ ಪುಸ್ತಕದ ಘನತೆ ಉಳಿಯುತ್ತದೆ ಎಂಬುದು ಅವರ ಸಿದ್ಧಾಂತ. ಅವರು ಒಂದು ದಿನ ನೆಲಮಾಳಿಗೆಗೆ ಬಂದವರು, ಹೊಸ ಕೆಲಸದವಳ ಮಡಿಲಲ್ಲಿದ್ದ ಕಾದಂಬರಿಯನ್ನು ಎರಡೇ ಬೆರಳಲ್ಲಿ, ಸತ್ತ ಇಲಿಯನ್ನು ಎತ್ತುವಂತೆ ಎತ್ತಿದರು. ಜೊತೆಗೆ ನಾಲ್ಕು ಜನ ಓದುಗರೂ ಇದ್ದರು.

"ಇದನ್ನ ಓದು ಅಂತಾರೇನಮ್ಮಾ? ಕಣ್ಣಿಗೆ ತುರಿಕೆ ಇದು. ಇಂಥದ್ದು ಓದೋರ ಕೈಗೆ ನಮ್ಮ ಪುಸ್ತಕ ಹೇಗೆ ಕೊಡೋದು ಹೇಳು."

ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಅವಳು ಎದ್ದು ನಿಂತು, "ರಿಪೇರಿಗೆ ಬಂದಿತ್ತು ಸಾರ್, ಸುಮ್ನೆ ನೋಡ್ತಿದ್ದೆ. ನಮ್ಮನೇಲಿ ಇಂಥದ್ದು ಯಾರೂ ಮುಟ್ಟಲ್ಲ. ನಮ್ಮಕ್ಕ ಅಂತೂ ನೋಡೋದೂ ಇಲ್ಲ" ಎಂದಳು. ಕೊನೆಯ ಮಾತನ್ನು ಹೇಳೆಂದು ಯಾರೂ ಕೇಳಿರಲಿಲ್ಲ. ಅಕ್ಕನನ್ನು ಅಲ್ಲಿಗೆ ಎಳೆದು ತಂದದ್ದು ಯಾಕೆಂದು ಅವಳಿಗೇ ತಿಳಿಯಲಿಲ್ಲ.

ನಿಜ ಹೇಳಬೇಕೆಂದರೆ ಆ ರುಚಿ ಹತ್ತಿಸಿದವಳೇ ಅಕ್ಕ. ಹೊಲಿಗೆ ಅಂಗಡಿಯಲ್ಲಿ ದುಡಿಯುತ್ತಿದ್ದ ಅಕ್ಕ ದಿನಾ ಸಂಜೆ ಯಂತ್ರದೆಣ್ಣೆಯ ವಾಸನೆ ಹೊತ್ತು ಬಂದು, ಕೈಕಾಲು ತೊಳೆದವಳೇ ಕಾದಂಬರಿ ಹಿಡಿದು ಕೂರುತ್ತಿದ್ದಳು. ಮನೆಯಲ್ಲಿ ಪುಸ್ತಕ ಒಂದು, ಓದುವವರು ಇಬ್ಬರು. ಅದಕ್ಕೊಂದು ಕಾಯಿದೆ ಇತ್ತು. ಮೊದಲು ಅಕ್ಕ ಓದಬೇಕು. ಓದಿ ನಿಲ್ಲಿಸಿದ ಸಾಲಿನ ಕೆಳಗೆ ಹೆಬ್ಬೆರಳ ಉಗುರಿನಿಂದ ಒಂದು ಗೀರು ಒತ್ತಬೇಕು. ತಂಗಿ ಅಲ್ಲಿಯವರೆಗೆ ಓದಬಹುದು, ಗೀರು ದಾಟಬಾರದು. ಎಂದೋ ಯಂತ್ರದ ಸೂಜಿ ತೂರಿ ಅಕ್ಕನ ಉಗುರು ನಡುವೆ ಸೀಳಿ ಹೋಗಿತ್ತು. ಹಾಗಾಗಿ ಅವಳ ಗೀರು ಯಾವಾಗಲೂ ಜೋಡಿ ಗೀರು, ಕೂದಲೆಳೆಯಷ್ಟು ಸಂದು ಬಿಟ್ಟು ಅಕ್ಕಪಕ್ಕದಲ್ಲಿ ಎರಡು. ಮಸಿಯಿಲ್ಲ, ಬಣ್ಣವಿಲ್ಲ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತಿತ್ತು.

ತಂಗಿ ಕೆಲಸಕ್ಕೆ ಸೇರಿದ ವರ್ಷವೇ ಅಕ್ಕ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಳು. ಹೋಗುವಾಗ ಕೇಳಿದ್ದು ಒಂದೇ, "ಆ ಮುಚ್ಚಿದ ಬಾಗಿಲಿನ ಕಾದಂಬರಿ ಇದ್ಯಲ್ಲ, ಅದನ್ನ ತಂದ್ಕೊಡೇ." ಅದು ಗ್ರಂಥಾಲಯದ ಪ್ರತಿ. ಬೆನ್ನು ಕಿತ್ತು ನೆಲಮಾಳಿಗೆಗೇ ಬಂದಿತ್ತು. ತಂಗಿ ಅವಸರದಲ್ಲಿ ಹೊಲಿದು, ಅಂಟು ಆರುವ ಮೊದಲೇ ಒಯ್ದು ಕೊಟ್ಟಳು.

ಅಲ್ಲಿ ಆದದ್ದು ನೋಡಿ ಎಡವಟ್ಟು. ಅದೇ ದಿನ ಅವಳ ಮೇಜಿನ ಮೇಲೆ ಗಾಜಿನ ಬೀರುವಿನ ಮಹಾಗ್ರಂಥವೊಂದು ಹೊಲಿಗೆ ಬಿಚ್ಚಿಕೊಂಡು ಬಿದ್ದಿತ್ತು. ಬಾಳಿನ ಅರ್ಥವೇನು ಎಂದು ಆರುನೂರ ನಲವತ್ತು ಪುಟ ಹೇಳುವ ಪುಸ್ತಕ. ಹದಿನಾರು ಪುಟಗಳ ಒಂದು ಮಡಿಕೆಗೆ ಬೈಂಡರುಗಳು ಫಾರಂ ಎನ್ನುತ್ತಾರೆ. ಎರಡೂ ಪುಸ್ತಕ ಒಂದೇ ಮುದ್ರಣಾಲಯದವು, ಒಂದೇ ಅಕ್ಷರ, ಒಂದೇ ಅಳತೆ, ಹಾಳೆಯ ನೆತ್ತಿಯ ಮೇಲೆ ಪುಟಸಂಖ್ಯೆ ಬಿಟ್ಟರೆ ಬೇರೇನೂ ಇಲ್ಲ. ಬೈಂಡರ್ ಓದುತ್ತಾ ಕೂರುವುದಿಲ್ಲ, ಪುಟಸಂಖ್ಯೆ ನೋಡಿ ಜೋಡಿಸುತ್ತಾಳೆ. ಎರಡರಲ್ಲೂ ಹತ್ತನೆಯ ಫಾರಂ ಅಂದರೆ ನೂರ ನಲವತ್ತೈದರಿಂದ ನೂರ ಅರವತ್ತು. ಅದು ಇದಕ್ಕೆ ಹೋಯಿತು, ಇದು ಅದಕ್ಕೆ ಬಂತು. ಲೆಕ್ಕ ಸರಿಯಾಗಿಯೇ ಇತ್ತು.

ಆಸ್ಪತ್ರೆಯ ಹಾಸಿಗೆಯಲ್ಲಿ ಅಕ್ಕ ಕೇಳಿದಳು, "ಇದೇನೇ ಇದು? ಕತೇಲಿ ಆ ದಾದಿ ಬಾಗಿಲ ಮೇಲೆ ಕೈ ಇಟ್ಳು, ಪುಟ ತಿರುವಿದ್ರೆ ಯಾರೋ ಮನುಷ್ಯನ ಕರ್ತವ್ಯದ ಬಗ್ಗೆ ಭಾಷಣ ಮಾಡ್ತಿದಾನೆ. ಕಡೇವರೆಗೂ ಮಾಡ್ತಾನೆ!"

ತಂಗಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಕಾದಂಬರಿಯ ಕೊನೆ ಆಗಲೇ ಮೇಲೆ ಗಾಜಿನ ಹಿಂದೆ ಬೀಗದೊಳಗಿತ್ತು. ಕೀಲಿ ಕೇಳಿದರೆ ಯಾಕೆಂದು ಹೇಳಬೇಕು. ತಪ್ಪು ಒಪ್ಪಿಕೊಳ್ಳಬೇಕು, ಅದೂ ಇಂಥ ಕಸಕ್ಕಾಗಿ, ಅದೂ ನೋಡುವುದೂ ಇಲ್ಲವೆಂದು ತಾನೇ ಹೇಳಿದ್ದ ಅಕ್ಕನಿಗಾಗಿ. ಅವಳು ಪುಸ್ತಕ ಮುಚ್ಚಿ, "ಬಿಡು ಅಕ್ಕಾ, ಎಷ್ಟು ದಿನ ಇದನ್ನೇ ಓದ್ತೀಯ. ಏನಾದ್ರೂ ಒಳ್ಳೇದು ತಂದ್ಕೊಡ್ತೀನಿ" ಎಂದಳು. ಗ್ರಂಥಪಾಲಕರ ಮಾತೇ ಅವಳ ಬಾಯಲ್ಲಿ ಬಂದಿತ್ತು. ಮಾರನೆಯ ದಿನ ಅಕ್ಕ ಮತ್ತೆ ಕೇಳಿದಳು, "ಬಾಗಿಲ ಹಿಂದೆ ಯಾರಿದ್ರು ಅಂತ ಅಷ್ಟು ಹೇಳ್ಬಿಡು, ಸಾಕು." ಅದರ ಮಾರನೆಯ ದಿನ ಕೇಳುವ ಸ್ಥಿತಿಯಲ್ಲಿರಲಿಲ್ಲ. ನಾಲ್ಕನೆಯ ದಿನ ಹಾಸಿಗೆ ಖಾಲಿಯಾಯಿತು.

ಆ ಕಾದಂಬರಿಯನ್ನು ಮುಂದೆ ಕಸದ ಪಟ್ಟಿಗೆ ಸೇರಿಸಿ ರದ್ದಿಗೆ ಹಾಕಿದರು. ಮಹಾಗ್ರಂಥ ಮಾತ್ರ ಗಾಜಿನ ಹಿಂದೆ ಉಳಿಯಿತು, ಹೊಟ್ಟೆಯಲ್ಲಿ ದೆವ್ವದ ಕತೆಯ ಕೊನೆ ಇಟ್ಟುಕೊಂಡು. ಗೋಂದಕ್ಕ ಇಪ್ಪತ್ತನಾಲ್ಕು ವರ್ಷ ಕಾದಳು, ಯಾರಾದರೂ ದೂರು ತರುತ್ತಾರೆಂದು. ಒಬ್ಬರೂ ತರಲಿಲ್ಲ. ಹನ್ನೊಂದು ಜನ ವಿಶೇಷ ಅನುಮತಿ ಪಡೆದು ಮನೆಗೆ ಒಯ್ದಿದ್ದರು. ಒಯ್ದವರೆಲ್ಲ ಹೊಗಳಿದ್ದರು. ಗಾಜಿನ ಬೀರು ನಿವೃತ್ತರಾಗಿ ಓದುಗರ ಸಂಘದ ಅಧ್ಯಕ್ಷರಾದ ಮೇಲೆ, ವರ್ಷಕ್ಕೊಮ್ಮೆ ಅದನ್ನು ಮೊದಲಿಂದ ಕೊನೆಯವರೆಗೆ ಓದದಿದ್ದರೆ ತಮಗೆ ನಿದ್ದೆ ಬರುವುದಿಲ್ಲ ಎಂದು ಸಭೆಗಳಲ್ಲಿ ಹೇಳುತ್ತಿದ್ದರು. ನೂರ ನಲವತ್ತೈದನೆಯ ಪುಟ ಮುಟ್ಟಿದವರು ಹುಟ್ಟಿರಲೇ ಇಲ್ಲ ಎಂಬುದು ನೆಲಮಾಳಿಗೆಯಲ್ಲಿ ಕೂತ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅದರಿಂದ ಅವಳಿಗೆ ನಗು ಬರಬೇಕಿತ್ತು, ಬರುತ್ತಿರಲಿಲ್ಲ.

ಆ ಗ್ರಂಥಕ್ಕೆ ಐವತ್ತು ವರ್ಷ ತುಂಬಿತೆಂದು ಸಂಘದವರು ಸಮಾರಂಭ ಇಟ್ಟುಕೊಂಡರು. ಬೆನ್ನು ಸಡಿಲವಾಗಿದೆ, ಒಂದು ವಾರದಲ್ಲಿ ಸರಿಮಾಡಿ ಕೊಡಿ ಎಂದು ಗುಮಾಸ್ತ ಅದನ್ನು ತಂದು ಅವಳ ಮೇಜಿನ ಮೇಲಿಟ್ಟ. ಅಷ್ಟು ವರ್ಷದ ಮೇಲೆ ಅದು ಮತ್ತೆ ಅವಳ ಕೈಗೆ ಬಂದಿತ್ತು. ಯಾರಿಗೂ ತಿಳಿಯದಂತೆ ಆ ಫಾರಂ ಕಿತ್ತು, ಬೇರೆ ಊರಿನ ಪ್ರತಿಯಿಂದ ಸರಿಯಾದ ಪುಟಗಳ ನಕಲು ತರಿಸಿ ಹೊಲಿದುಬಿಟ್ಟರೆ ತಪ್ಪೂ ಇಲ್ಲ, ಸಾಕ್ಷಿಯೂ ಇಲ್ಲ. ಪಿಂಚಣಿ ಹೊತ್ತಿಗೆ ತಲೆ ಮೇಲಿನ ಭಾರವೂ ಇಳಿಯುತ್ತದೆ. ಅವಳು ಕತ್ತರಿ ತೆಗೆದುಕೊಂಡಳು. ಪುಸ್ತಕ ತಾನಾಗಿಯೇ ಅಲ್ಲಿಗೇ ತೆರೆದುಕೊಂಡಿತು.

ನೂರ ನಲವತ್ತಾರನೆಯ ಪುಟದ ನಡುವೆ, ಗೋಡೆಯ ಮೇಲ್ತುದಿಯ ಕಿಟಕಿಯ ಓರೆ ಬೆಳಕಿನಲ್ಲಿ, ಒಂದು ಜೋಡಿ ಗೀರು ಇತ್ತು.

ಅವಳು ಮೊದಲು ಹಾಳೆಯ ಸುಕ್ಕು ಎಂದುಕೊಂಡಳು. ಬೆರಳಾಡಿಸಿ ನೋಡಿದಳು. ಎರಡು ಗೀರು, ನಡುವೆ ಕೂದಲೆಳೆಯಷ್ಟು ಸಂದು. ಕತ್ತರಿ ಕೆಳಗಿಟ್ಟು ಕೈ ತೊಳೆಯಲು ಹೋದಳು. ಕೈ ಕೊಳೆಯಾಗಿರಲಿಲ್ಲ, ಸುಮ್ಮನೆ ತೊಳೆದಳು. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದಾಗ ನೂರ ನಲವತ್ತೆಂಟರ ಕೊನೆಯಲ್ಲಿ ಮತ್ತೊಂದಿತ್ತು.

ಯಾರೋ ಚೇಷ್ಟೆ ಮಾಡುತ್ತಿದ್ದಾರೆ ಎನ್ನೋಣವೆಂದರೆ ಅಕ್ಕನ ಉಗುರಿನ ವಿಷಯ ಬಲ್ಲವರು ಭೂಮಿಯ ಮೇಲೆ ಇವಳೊಬ್ಬಳೇ. ಮಾರನೆಯ ದಿನ ಅವಳು ಹಟ ಹಿಡಿದು ಪುಸ್ತಕದ ಎದುರೇ ಕೂತಳು. ಗಂಟೆ ಹತ್ತಾಯಿತು, ಹನ್ನೊಂದಾಯಿತು, ಏನೂ ಆಗಲಿಲ್ಲ. ಒಲೆಯ ಮೇಲಿನ ಅಂಟು ತಳ ಹಿಡಿಯುವ ವಾಸನೆ ಬಂತೆಂದು ಬೆನ್ನು ತಿರುಗಿಸಿದಳು. ಹಿಂದೆ ಹಾಳೆ ಮಗುಚಿದ ಸದ್ದಾಯಿತು. ಅವಸರವಿಲ್ಲದ, ಬೆರಳಿಗೆ ಎಂಜಲು ಹಚ್ಚಿಕೊಂಡು ತಿರುವಿದಂಥ ಸದ್ದು. ಗೋಂದಕ್ಕ ತಿರುಗಲಿಲ್ಲ. ಸೌಟು ಹಿಡಿದು ಅಂಟು ಕಲಕುತ್ತಲೇ ಇದ್ದಳು. ಕೋಣೆಯಲ್ಲಿ ಯಂತ್ರದೆಣ್ಣೆಯ ವಾಸನೆ ಹರಡಿ, ಸ್ವಲ್ಪ ಹೊತ್ತಿಗೆ ಹೋಯಿತು. ಆಮೇಲೆ ನೋಡಿದರೆ ಗೀರು ನೂರ ಐವತ್ತೊಂದಕ್ಕೆ ಬಂದಿತ್ತು.

ಅವಳು ಹೆದರಿದಳು, ಸುಳ್ಳೇಕೆ. ಆ ದಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮನೆಗೆ ಓಡಿದಳು. ದೆವ್ವದ ಕತೆ ಸಾವಿರ ಓದಿದವರಿಗೆ ಧೈರ್ಯ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಹಾಸಿಗೆಯಲ್ಲಿ ಮಲಗಿ ಯೋಚಿಸಿದಾಗ ಹೆದರಿಕೆಗಿಂತ ಬೇರೊಂದು ಎದೆ ತುಂಬಿತು. ಅಕ್ಕ ಬಂದಿದ್ದಾಳೆ. ಬಂದು, ಬಿಟ್ಟ ಪುಟದಿಂದಲೇ ಹಿಡಿದಿದ್ದಾಳೆ.

ಮೂರನೆಯ ದಿನದಿಂದ ಅವಳು ಹಳೆಯ ಕಾಯಿದೆಯಂತೆ ನಡೆದುಕೊಂಡಳು. ಗೀರು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿಯವರೆಗೆ ತಾನೂ ಓದಿದಳು, ಒಂದು ಸಾಲೂ ದಾಟಲಿಲ್ಲ. ಕತೆಯೇನೂ ಬ್ರಹ್ಮವಿದ್ಯೆಯಲ್ಲ. ಹಳೆಯ ಮನೆಯೊಂದಕ್ಕೆ ಕೆಲಸಕ್ಕೆ ಬಂದ ದಾದಿ, ಮಹಡಿಯಲ್ಲಿ ಮುಚ್ಚಿದ ಕೋಣೆ, ಒಳಗಿಂದ ಯಾರೋ ಅವಳ ಚಿಕ್ಕಂದಿನ ಹೆಸರು ಹಿಡಿದು ಕರೆಯುವುದು. ಅವಳು ಬಾಗಿಲಿಗೆ ಕೈ ಇಟ್ಟಾಗಲೆಲ್ಲ ಕೆಳಗಿಂದ ಯಾರಾದರೂ ಕೂಗಬೇಕು, ಇಲ್ಲವೇ ದೀಪ ಆರಬೇಕು. ಇಂಥ ಕಾದಂಬರಿಗಳಲ್ಲಿ ಒಂದು ಬಾಗಿಲು ತೆಗೆಯಲು ಹದಿನಾರು ಪುಟ ಬೇಕೇ ಬೇಕು. ಗೋಂದಕ್ಕನಿಗೆ ಮೈ ಜುಮ್ಮೆಂದಿತು, ನಗುವೂ ಬಂತು. ಎಷ್ಟೋ ವರ್ಷದ ಮೇಲೆ ಅವಳು ಮೇಲೆ ಯಾವ ತತ್ವಶಾಸ್ತ್ರದ ಕವಚವೂ ಇಲ್ಲದೆ ಓದುತ್ತಿದ್ದಳು.

"ಇವತ್ತು ಬೇಗ ನಿಲ್ಲಿಸ್ಬಿಟ್ಯಲ್ಲ ಅಕ್ಕಾ" ಎಂದು ಖಾಲಿ ಕುರ್ಚಿಗೆ ಹೇಳಿದಳು ಒಮ್ಮೆ. ಬಾಗಿಲಲ್ಲಿ ನಿಂತಿದ್ದ ಗುಮಾಸ್ತ, "ಯಾರ ಜೊತೆ ಮಾತು?" ಎಂದ.

"ಪುಸ್ತಕದ ಜೊತೆ."

"ಪ್ರೆಸ್ಸಿಗೆ ಹಾಕಿದ್ರಾ ಅದನ್ನ? ಅಧ್ಯಕ್ಷರು ಎರಡು ಸಲ ಕೇಳಿದ್ರು."

ಅದೇ ಅವಳ ಸಂಕಟ. ಬೆನ್ನು ಗಟ್ಟಿಯಾಗಬೇಕಾದರೆ ಪುಸ್ತಕ ಎರಡು ದಿನ ಕಬ್ಬಿಣದ ಹಲಗೆಗಳ ನಡುವೆ ಇರಬೇಕು. ತಿರುಪು ಬಿಗಿದ ಪುಸ್ತಕವನ್ನು ಜೀವಂತವಾಗಿರುವವರೇ ಓದಲಾರರು. ಇತ್ತ ಓದು ದಿನಕ್ಕೆ ಎರಡು ಪುಟದಂತೆ ಸಾಗುತ್ತಿತ್ತು, ಸಮಾರಂಭ ಬಂದರೂ ಮುಗಿಯುವಂತಿರಲಿಲ್ಲ. ಸಮಾರಂಭ ಮುಗಿದರೆ ಪುಸ್ತಕ ಮತ್ತೆ ಬೀಗದೊಳಕ್ಕೆ. ಎರಡನೆಯ ಸಲವೂ ಅಕ್ಕನನ್ನು ಬಾಗಿಲ ಹತ್ತಿರ ನಿಲ್ಲಿಸಿದಂತಾಗುತ್ತದೆ.

ಇನ್ನೊಂದು ಯೋಚನೆಯೂ ಬಂತು, ಅದು ಇದಕ್ಕಿಂತ ಕೆಟ್ಟದ್ದು. ಕತೆ ಮುಗಿದರೆ ಅಕ್ಕ ಯಾಕೆ ಇರುತ್ತಾಳೆ? ಇಪ್ಪತ್ತನಾಲ್ಕು ವರ್ಷ ಒಂಟಿಯಾಗಿ ಅಂಟು ಕಲಕಿದವಳಿಗೆ ಈಗ ಬೆನ್ನ ಹಿಂದೆ ಹಾಳೆ ತಿರುವುವವರು ಸಿಕ್ಕಿದ್ದಾರೆ. ಫಾರಂ ಕಿತ್ತು ಮನೆಗೆ ಒಯ್ದು ಕೊನೆಯ ಹಾಳೆಯನ್ನು ಮಾತ್ರ ಬಚ್ಚಿಟ್ಟರೆ? ಕೇಳುತ್ತಾ ಕೇಳುತ್ತಾ ಅಕ್ಕ ಇಲ್ಲೇ ಇರುತ್ತಾಳಲ್ಲವೇ? ಕತ್ತರಿ ಮತ್ತೆ ಕೈಗೆ ಬಂತು. ಅದರ ಮೊನೆ ದಾರಕ್ಕೆ ತಾಗುವವರೆಗೂ ಹೋಯಿತು. ಆಗ ಅವಳಿಗೆ ತನ್ನ ಮೇಲೇ ಅಸಹ್ಯವಾಗಿ, ಕತ್ತರಿಯನ್ನು ಕಪಾಟಿನ ಮೇಲೆ ಎಸೆದಳು.

ಸಮಾರಂಭದ ಬೆಳಿಗ್ಗೆ ಗೀರು ನೂರ ಐವತ್ತೆಂಟರ ಕೊನೆಯ ಸಾಲಿನಲ್ಲಿತ್ತು. ಉಳಿದದ್ದು ಒಂದೇ ಹಾಳೆಯ ಎರಡು ಮಗ್ಗುಲು. ಪುಸ್ತಕ ಒಯ್ಯಲು ಗುಮಾಸ್ತ ಮೆಟ್ಟಿಲಿಳಿಯುವ ಸದ್ದು ಕೇಳುತ್ತಿತ್ತು. ದೊಡ್ಡ ಗ್ರಂಥಗಳಿಗೆ ಗುರುತಿನ ರೇಷ್ಮೆ ದಾರವೊಂದು ಇರುತ್ತದೆ, ಭಾಷಣ ಮಾಡುವವರು ಅದು ಇದ್ದಲ್ಲಿಯೇ ತೆರೆಯುತ್ತಾರೆ. ಗೋಂದಕ್ಕ ಆ ದಾರವನ್ನು ನೂರ ಐವತ್ತೊಂಬತ್ತರಲ್ಲಿ ಇಟ್ಟಳು. ಸಿಕ್ಕಿಬಿದ್ದರೆ ನೌಕರಿಯ ಕೊನೆಯ ನಾಲ್ಕು ತಿಂಗಳು ಹೇಗಿರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಸಭಾಂಗಣ ತುಂಬಿತ್ತು. ಅವಳು ಕೊನೆಯ ಸಾಲಿನಲ್ಲಿ ಕೂತು ಪಕ್ಕದ ಕುರ್ಚಿಯ ಮೇಲೆ ಚೀಲ ಇಟ್ಟಳು. ಸ್ವಲ್ಪ ಹೊತ್ತಿಗೆ ಏನು ತೋಚಿತೋ, ಚೀಲ ತೆಗೆದು ಮಡಿಲಲ್ಲಿಟ್ಟುಕೊಂಡಳು. ಮೂವರು ಮಾತಾಡಿದರು. ಮೂವರೂ ಈಗಿನವರು ಓದುವ ಕಸದ ಬಗ್ಗೆಯೇ ಮಾತಾಡಿದರು. ಅರ್ಧ ಸಭೆ ತೂಕಡಿಸಿತು. ಆಮೇಲೆ ಗಾಜಿನ ಬೀರು ಎದ್ದು ಬಂದರು. ಎಂಬತ್ತರ ಹತ್ತಿರ ವಯಸ್ಸು, ದನಿ ಇನ್ನೂ ಗಂಟೆಯಂತಿತ್ತು.

"ಈ ಗ್ರಂಥ ನನಗೆ ಬಾಯಿಪಾಠ. ಆದರೂ ಮಹಾತ್ಮರ ಮಾತನ್ನ ನೋಡ್ಕೊಂಡೇ ಓದ್ಬೇಕು" ಎಂದು ದಾರವಿದ್ದಲ್ಲಿ ತೆರೆದು, ಮೈಕಿನ ಹತ್ತಿರ ಬಾಗಿದರು. "'ದೀಪ ಹಿಡಿದು ಅವಳು ಹನ್ನೆರಡನೆಯ ಮೆಟ್ಟಿಲ ಮೇಲೆ ನಿಂತಳು. ಒಳಗಿನ ದನಿ ಈಗ ಅಳುತ್ತಿತ್ತು...'"

ಅವರು ತಡೆದರು. ಅರೆಗಳಿಗೆ ಅಷ್ಟೇ. ವರ್ಷಕ್ಕೊಮ್ಮೆ ಓದುವ ಪುಟದಲ್ಲಿ ನಿಂತು ಬೆರಗಾಗುವುದುಂಟೇ? ಇದು ನನ್ನ ಪುಸ್ತಕವಲ್ಲ ಎಂದರೆ, ಇಷ್ಟು ವರ್ಷ ಓದಿದ್ದು ಏನು ಎಂಬ ಪ್ರಶ್ನೆ ಬರುತ್ತದೆ. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ಉಗುಳುವಂತಿಲ್ಲ ನುಂಗುವಂತಿಲ್ಲ. ಅವರು ಓದಿದರು. ಮೊದಲ ಪುಟ ಮುಗಿಯುವ ಹೊತ್ತಿಗೆ ದನಿ ತಗ್ಗಿತ್ತು, ಮುದುಕರಿಗೇ ಗೊತ್ತಿಲ್ಲದಂತೆ ಅವಸರವೂ ಸೇರಿಕೊಂಡಿತ್ತು. ತೂಕಡಿಸುತ್ತಿದ್ದ ತಲೆಗಳು ಒಂದೊಂದಾಗಿ ಎದ್ದವು. ಯಾರೋ ಕೆಮ್ಮು ತಡೆದುಕೊಂಡರು.

ಗೋಂದಕ್ಕನ ಪಕ್ಕದ ಖಾಲಿ ಕುರ್ಚಿ ಸಣ್ಣಗೆ ಕಿರುಗುಟ್ಟಿತು. ಯಂತ್ರದೆಣ್ಣೆಯ ವಾಸನೆ. ಅವಳು ಅತ್ತ ನೋಡಲಿಲ್ಲ.

ವೇದಿಕೆಯ ಮೇಲೆ ಹಾಳೆ ತಿರುಗಿತು. "'ಅವಳು ಬಾಗಿಲನ್ನು ಒಂದೇ ಬೆರಳಿನಿಂದ ತಳ್ಳಿದಳು. ಅದಕ್ಕೆ ಚಿಲಕವೇ ಇರಲಿಲ್ಲ. ಒಳಗೆ ಕಿಟಕಿಯ ಹತ್ತಿರ, ಅವಳು ಚಿಕ್ಕವಳಿದ್ದಾಗ ತೀರಿಕೊಂಡ ತಾಯಿ ಕೂತಿದ್ದಳು. ಇಷ್ಟು ದಿನ ಕರೆದೆ ಮಗಳೇ, ಒಮ್ಮೆ ತಳ್ಳಿ ನೋಡಬಾರದಿತ್ತೇ, ಎಂದಳು ತಾಯಿ.'"

ಆಗ ಮೈಕಿನಲ್ಲಿ, ಎಲ್ಲರಿಗೂ ಕೇಳುವಂತೆ, ಹಾಳೆಯ ಮೇಲೆ ಉಗುರು ಗೀರಿದಂತೆ ಸರ್ರೆಂದು ಒಂದು ಸಣ್ಣ ಸದ್ದಾಯಿತು. ಗಾಜಿನ ಬೀರು ಕೈಯನ್ನು ಪುಟದಿಂದ ಸರಕ್ಕನೆ ಎಳೆದುಕೊಂಡರು. ಅವರ ಮುಖ ಸುಣ್ಣದಂತಾಗಿತ್ತು. ತಮ್ಮ ಬೆರಳಿನ ಪಕ್ಕದಲ್ಲಿ ಏನು ಮೂಡಿತೆಂದು ಅವರು ಯಾರಿಗೂ ಹೇಳಲಿಲ್ಲ. ನೀರು ಕುಡಿದು, "ಇಲ್ಲಿಗೆ ಮುಗೀತು" ಎಂದಷ್ಟೇ ಹೇಳಿ ಕೂತರು.

ಚಪ್ಪಾಳೆ ಗುಡುಗಿತು. ಮುಂದಿನ ಸಾಲಿನ ವಿದ್ವಾಂಸರೊಬ್ಬರು ಪಕ್ಕದವರಿಗೆ, "ಬಾಗಿಲಿನ ಸಂಕೇತ ನೋಡಿದ್ರಾ? ಇದಕ್ಕೇ ನಾನು ಈ ಗ್ರಂಥವನ್ನ ಮತ್ತೆ ಮತ್ತೆ ಓದೋದು" ಎಂದರು. ಗೋಂದಕ್ಕ ಪಕ್ಕಕ್ಕೆ ತಿರುಗಿದಳು. ಕುರ್ಚಿಯಲ್ಲಿ ಯಾರೂ ಇರಲಿಲ್ಲ, ವಾಸನೆಯೂ ಇರಲಿಲ್ಲ.

ಎರಡು ದಿನದ ಮೇಲೆ ಗಾಜಿನ ಬೀರು ಕೋಲು ಊರಿಕೊಂಡು ನೆಲಮಾಳಿಗೆಗೆ ಇಳಿದು ಬಂದರು. ಬಾಗಿಲು ಮುಂದೆ ಮಾಡಿದರು. ಸಿಕ್ಕಿಬಿದ್ದೆ ಎಂದುಕೊಂಡಳು ಇವಳು. ಅವರು ಅತ್ತ ಇತ್ತ ನೋಡಿ, ದನಿ ಇಳಿಸಿ ಕೇಳಿದರು, "ಅದಕ್ಕೆ ಮೊದಲಿನ ಭಾಗ ಎಲ್ಲಿದೆಯಮ್ಮಾ? ಆ ದಾದಿ ಆ ಮನೆಗೆ ಬಂದದ್ದು ಹೇಗೆ?"

"ರದ್ದಿಗೆ ಹಾಕಿಸಿದ್ರಲ್ಲ ಸಾರ್, ನೀವೇ."

ಅವರು "ಹೌದಾ" ಎಂದು ಮೆಲ್ಲಗೆ ಮೆಟ್ಟಿಲು ಹತ್ತಿದರು. ಅವಳಿಗೆ ಅಯ್ಯೋ ಅನ್ನಿಸಿತು.

ಮಹಾಗ್ರಂಥ ಬೆನ್ನು ಗಟ್ಟಿ ಮಾಡಿಸಿಕೊಳ್ಳಲು ಮತ್ತೆ ಅವಳ ಮೇಜಿಗೆ ಬಂದಿತ್ತು. ನೂರ ಅರವತ್ತರ ಕೊನೆಯ ಸಾಲಿನ ಕೆಳಗೆ ಜೋಡಿ ಗೀರು ಇತ್ತು, ಎಂದಿಗಿಂತ ಆಳವಾಗಿ. ನೂರ ಅರವತ್ತೊಂದರಿಂದ ಬಾಳಿನ ಅರ್ಥ ಮುಂದುವರಿಯುತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಅವಳು ಪುಸ್ತಕ ತೆರೆದಿಟ್ಟೇ ಒಂದು ವಾರ ಕಾದಳು. ಪಕ್ಕದಲ್ಲಿ ಹೊಸ ದೆವ್ವದ ಕಾದಂಬರಿ ಒಂದಿಟ್ಟಳು, ಕೊಲೆಯದೊಂದಿಟ್ಟಳು. ಬೇಕೆಂದೇ ಬೆನ್ನು ತಿರುಗಿಸಿ ಅಂಟು ಕಲಕಿದಳು. ಹಾಳೆ ಮಗುಚಲಿಲ್ಲ. "ಇದು ಚೆನ್ನಾಗಿದೆ ಅಕ್ಕಾ, ಎರಡೇ ಪುಟ ನೋಡು" ಎಂದಳು. ಕೋಣೆಯಲ್ಲಿ ಹಿಟ್ಟಿನ ಅಂಟಿನ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ.

ಎಂಟನೆಯ ದಿನ ಗುಮಾಸ್ತ ಮತ್ತೆ ಬಂದು, "ಇನ್ನೂ ಪ್ರೆಸ್ಸಿಗೆ ಹಾಕಿಲ್ವಾ?" ಎಂದ.

"ಹಾಕ್ತೀನಿ. ಇನ್ನು ಹಾಕಬಹುದು" ಎಂದಳು ಗೋಂದಕ್ಕ.

ಫಾರಂ ಕೀಳಲಿಲ್ಲ. ಅದು ಇದ್ದಂತೆಯೇ ಬೆನ್ನಿಗೆ ಅಂಟು ಬಳಿದು, ಬಟ್ಟೆ ಹೊದಿಸಿ, ಪುಸ್ತಕವನ್ನು ಹಲಗೆಗಳ ನಡುವೆ ಇಟ್ಟಳು. ತಿರುಪಿನ ಹಿಡಿಯನ್ನು ಎರಡು ಕೈಯಲ್ಲಿ ಹಿಡಿದು ಸುತ್ತಿದಳು. ಆಸ್ಪತ್ರೆಯಲ್ಲಿ ಅಳದವಳು ಈಗ ಬಿಕ್ಕಿ ಬಿಕ್ಕಿ ಅತ್ತಳು, ಕೈ ಮಾತ್ರ ನಿಲ್ಲಿಸಲಿಲ್ಲ. ತಿರುಪು ಇನ್ನು ತಿರುಗದು ಎನ್ನುವಷ್ಟು ಬಿಗಿಯಾದ ಮೇಲೆ ಹಿಡಿ ಬಿಟ್ಟು, ಪಕ್ಕದ ಖಾಲಿ ಕುರ್ಚಿಯ ಮೇಲೆ ಕೂತಳು.